ಪ್ಯಾರಿಸ್‌ನಲ್ಲಿ ಕೊಟ್ಟ ಮಾತು, ತಾಂಡವಪುರದ ಹಳಿ

ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು 1891ರಲ್ಲಿ. 1926ರಲ್ಲಿ ಅದು ಚಾಮರಾಜನಗರ ಮುಟ್ಟಿತು. 1735ರಲ್ಲಿ ದಳವಾಯಿ ದೇವರಾಜ ಕಪಿಲೆಗೆ (ಕಬಿನಿ ನದಿಗೆ) ಅಡ್ಡಲಾಗಿ ಕಟ್ಟಿಸಿದ್ದ ಕಲ್ಲಿನ ಸೇತುವೆಯೇ ರೈಲಿಗೂ ದಾರಿ ಕೊಟ್ಟಿತು. ಎತ್ತಿನ ಗಾಡಿ, ಬಸ್ಸು, ಮೀಟರ್ ಗೇಜ್ ರೈಲು ಎಲ್ಲವೂ ಆ ಒಂದೇ ಸೇತುವೆಯ ಮೇಲೆ ಹಾದುಹೋಗುತ್ತಿದ್ದ ಕಾಲವನ್ನು ನಂಜನಗೂಡಿನ ಹಿರಿಯರು ಇನ್ನೂ ಮರೆತಿಲ್ಲ. 2008ರಲ್ಲಿ ಮಾರ್ಗ ಬ್ರಾಡ್‌ಗೇಜ್ ಆಯಿತು. ಈಗ ಹಳಿಯ ಮೇಲೆ ವಿದ್ಯುತ್ ತಂತಿಯೂ ಇದೆ. ಅಶೋಕಪುರಂ ಬಿಟ್ಟರೆ ಕಡಕೊಳ, ಆಮೇಲೆ ತಾಂಡವಪುರ, ಅಲ್ಲಿಂದ ಮುಂದಕ್ಕೆ ನಂಜನಗೂಡು. ಹೆದ್ದಾರಿ 766 ಕೂಡ ಇದೇ ದಿಕ್ಕಿನಲ್ಲಿ, ಹಳಿಯ ಜೊತೆಗೇ ಎಂಬಂತೆ ಸಾಗುತ್ತದೆ.

ಈ ಹಳಿಗೂ ಜಗತ್ತಿನ ಹವಾಮಾನ ಒಪ್ಪಂದಕ್ಕೂ ನೇರ ಸಂಬಂಧವಿದೆ. ಪ್ಯಾರಿಸ್ ಸಮ್ಮೇಳನಕ್ಕೆ ಮುಂಚೆ, 2015ರ ಅಕ್ಟೋಬರ್ 2ರಂದು, ಭಾರತ ವಿಶ್ವಸಂಸ್ಥೆಗೆ ತನ್ನ ಹವಾಮಾನ ವಾಗ್ದಾನದ ಪತ್ರ ಸಲ್ಲಿಸಿತು. ಸೌರಶಕ್ತಿ, ಕಾಡು, ಕಲ್ಲಿದ್ದಲು ಎಂದು ಬಹಳ ಚರ್ಚೆಯಾದ ಆ ಪತ್ರದಲ್ಲಿ ಹೆಚ್ಚು ಜನ ಗಮನಿಸದ ಇನ್ನೊಂದು ಮಾತಿತ್ತು: ದೇಶದ ಒಟ್ಟು ಭೂಸಾರಿಗೆಯಲ್ಲಿ ರೈಲಿನ ಪಾಲನ್ನು ಶೇ 36ರಿಂದ ಶೇ 45ಕ್ಕೆ ಏರಿಸುತ್ತೇವೆ, ಡೀಸೆಲ್ ಕುಡಿಯುವ ರಸ್ತೆ ಸಾರಿಗೆಯ ಹೊರೆ ಇಳಿಸುತ್ತೇವೆ. ಐದು ವರ್ಷದ ನಂತರ, 2020ರಲ್ಲಿ, ರೈಲ್ವೆಯೇ ಸಿದ್ಧಪಡಿಸಿದ ರಾಷ್ಟ್ರೀಯ ರೈಲು ಯೋಜನೆ ಸರಕು ಸಾಗಣೆಯಲ್ಲಿ ರೈಲಿನ ಪಾಲು ಸುಮಾರು ಶೇ 27 ಎಂದು ಲೆಕ್ಕ ಹಾಕಿತು. ಗುರಿ ಮಾತ್ರ 2030ಕ್ಕೆ ಶೇ 45 ಎಂದೇ ಉಳಿಯಿತು. ಮಾತು ಕೊಟ್ಟದ್ದು ದೆಹಲಿ. ಆದರೆ ಅದು ಉಳಿಯುವುದೋ ಬೀಳುವುದೋ ತೀರ್ಮಾನವಾಗುವುದು ತಾಂಡವಪುರದಂಥ ನೂರಾರು ಸಣ್ಣ ನಿಲ್ದಾಣಗಳಲ್ಲಿ.

ಏಕೆಂದರೆ ತಾಂಡವಪುರ ಈಗ ಬರೀ ಹಳ್ಳಿಯಲ್ಲ. ಕಡಕೊಳದಿಂದ ನಂಜನಗೂಡಿನವರೆಗೆ ರಸ್ತೆಯ ಎರಡೂ ಬದಿಗೆ ಕಾರ್ಖಾನೆಗಳು ಬೆಳೆದಿವೆ. ಕಡಕೊಳದ ಹತ್ತಿರ ಬ್ಯಾತಹಳ್ಳಿಯಲ್ಲಿ ಟಿವಿಎಸ್ ದ್ವಿಚಕ್ರ ವಾಹನ ಘಟಕ. ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾಲಕ್ಕೆ ಸೂಟಿನ ಬಟ್ಟೆಗೆ ಹೆಸರಾಗಿದ್ದ ರೀಡ್ ಅಂಡ್ ಟೇಲರ್. ಇಮ್ಮಾವಿನಲ್ಲಿ 2018ರಿಂದ ಏಷ್ಯನ್ ಪೇಂಟ್ಸ್. ನಂಜನಗೂಡಿನಲ್ಲಿ 1989ರಿಂದ ನೆಸ್ಲೆ. ಇವುಗಳ ನಡುವೆ ಗಾರ್ಮೆಂಟ್ಸ್, ಔಷಧಿ, ಬಿಡಿಭಾಗಗಳ ಸಣ್ಣ ದೊಡ್ಡ ಘಟಕಗಳು.

ಪಾಳಿ ಬದಲಾಗುವ ಹೊತ್ತಿಗೆ ತಾಂಡವಪುರದ ರಸ್ತೆಯಲ್ಲಿ ನಿಂತರೆ ಸಾರಿಗೆಯ ಇಂಗಾಲ ಕಣ್ಣಿಗೇ ಕಾಣುತ್ತದೆ. ಮೊದಲು ಕಂಪನಿ ಬಸ್ಸುಗಳು ಹೊರಡುತ್ತವೆ. ಅವು ಕಾಯಂ ನೌಕರರಿಗೆ. ಗುತ್ತಿಗೆಯವರು ಬೈಕಿನ ಮೇಲೆ, ಹಿಂದೆ ಒಬ್ಬರನ್ನೋ ಇಬ್ಬರನ್ನೋ ಕೂರಿಸಿಕೊಂಡು, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೆದ್ದಾರಿಗೆ ಇಳಿಯುತ್ತಾರೆ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಬುತ್ತಿಯ ಬ್ಯಾಗು ಹಿಡಿದು ಸರ್ಕಾರಿ ಬಸ್ಸಿಗೆ ಕಾಯುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ, ಆದರೆ ಸೀಟೂ ಇಲ್ಲ. ಅದೇ ಹೊತ್ತಿನಲ್ಲಿ ಗುಂಡ್ಲುಪೇಟೆಯ ಕಡೆಗೆ, ಕೇರಳಕ್ಕೆ ಹೋಗುವ ಲಾರಿಗಳು ಅವಸರದಲ್ಲಿರುತ್ತವೆ. ಬಂಡೀಪುರದಲ್ಲಿ ರಾತ್ರಿ ಒಂಬತ್ತಕ್ಕೆ ಗೇಟು ಬೀಳುವ ಮುಂಚೆ ಅವು ಕಾಡು ದಾಟಬೇಕು.

ಬೈಕಿನಲ್ಲಿ ಹೋಗುವ ಒಬ್ಬ ನೌಕರನ ಲೆಕ್ಕ ನೋಡೋಣ. ಹೋಗಿಬರುವುದು 30 ಕಿಲೊಮೀಟರ್, ಬೈಕು ಲೀಟರಿಗೆ 50 ಕಿಲೊಮೀಟರ್ ಓಡುತ್ತದೆ, ವರ್ಷಕ್ಕೆ 300 ದಿನ ಕೆಲಸ ಎಂದಿಟ್ಟುಕೊಳ್ಳಿ. 180 ಲೀಟರ್ ಪೆಟ್ರೋಲ್ ಆಯಿತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಬ್ಬನಿಂದ ವರ್ಷಕ್ಕೆ 400 ಕಿಲೊಗೂ ಮಿಗಿಲು. ಜೇಬಿನಿಂದ ಹೋಗುವುದು 18,000 ರೂಪಾಯಿಗೂ ಹೆಚ್ಚು. ಗುತ್ತಿಗೆ ಕೂಲಿಯವನಿಗೆ ಅದು ಒಂದು ತಿಂಗಳ ಸಂಬಳಕ್ಕೆ ಹತ್ತಿರ. ಪಕ್ಕದಲ್ಲೇ ಓಡುವ ಸಾಮಾನ್ಯ ರೈಲಿನ ಕನಿಷ್ಠ ಟಿಕೆಟ್ 10 ರೂಪಾಯಿ, ತಿಂಗಳ ಪಾಸು ಮಾಡಿಸಿದರೆ ಇನ್ನೂ ಅಗ್ಗ. ಅಗ್ಗವಾದರೂ ಆತ ರೈಲು ಹತ್ತುವುದಿಲ್ಲ. ಗಂಟೆಗೊಂದು ರೈಲಿಲ್ಲ, ಒಂದು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು. ಇಳಿದ ಮೇಲೂ ಕಾರ್ಖಾನೆಯ ಗೇಟಿನವರೆಗೆ ನಡೆಯಬೇಕು. ಹಾಜರಿಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಹೋಗುವ ಕಡೆ ಯಾರು ತಾನೇ ಇಂಥ ರೈಲನ್ನು ನಂಬಿಕೊಂಡಾರು?

ಸಾರಿಗೆಯ ಇಂಗಾಲ ತಗ್ಗಿಸಲು ಜಗತ್ತು ಕೂಡಿಸಿದ ಹಣ ಈ ಕಡೆ ಬಂದೇ ಇಲ್ಲ ಎನ್ನುವಂತಿಲ್ಲ. ಮೈಸೂರಿಗೆ ಬಂದಿತ್ತು. 1992ರ ರಿಯೊ ಭೂಶೃಂಗಸಭೆಯ ಹೊತ್ತಿಗೆ ರೂಪುಗೊಂಡ ಜಾಗತಿಕ ಪರಿಸರ ನಿಧಿ, ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ಸೇರಿ, ಭಾರತದಲ್ಲಿ ಸುಸ್ಥಿರ ನಗರ ಸಾರಿಗೆ ಯೋಜನೆಗೆ ನೆರವು ಕೊಟ್ಟಿತು. ಆಯ್ಕೆಯಾದ ಕೆಲವೇ ನಗರಗಳಲ್ಲಿ ಮೈಸೂರು ಒಂದು. ಆ ಹಣದಲ್ಲಿ 2012ರಲ್ಲಿ ಕೆಎಸ್‌ಆರ್‌ಟಿಸಿಯ ‘ಮಿತ್ರ’ ಬಂತು. ಸುಮಾರು 500 ನಗರ ಬಸ್ಸುಗಳಿಗೆ ಜಿಪಿಎಸ್, ನೂರಕ್ಕೂ ಹೆಚ್ಚು ತಂಗುದಾಣಗಳಲ್ಲಿ ಮುಂದಿನ ಬಸ್ಸು ಎಷ್ಟು ನಿಮಿಷಕ್ಕೆ ಎಂದು ತೋರಿಸುವ ಫಲಕ. ಮೊಬೈಲಿನಲ್ಲಿ ಎಲ್ಲವೂ ಸಿಗುವ ಇಂದಿನ ಕಾಲಕ್ಕೆ ಇದು ದೊಡ್ಡದೆನಿಸದು. ಆದರೆ ಆಗ ದೇಶದ ದೊಡ್ಡ ದೊಡ್ಡ ನಗರಗಳೇ ಮಾಡದ ಕೆಲಸವನ್ನು ನಮ್ಮ ಮೈಸೂರು ಮಾಡಿತ್ತು.

ಆಮೇಲೆ ‘ಟ್ರಿಣ್ ಟ್ರಿಣ್’. 2017ರ ಜೂನ್ 4ರಂದು, ವಿಶ್ವ ಪರಿಸರ ದಿನದ ಹಿಂದಿನ ದಿನ, ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ಉದ್ಘಾಟಿಸಿದರು. 450 ಸೈಕಲ್, ಸುಮಾರು 50 ನಿಲ್ದಾಣ, 20 ಕೋಟಿ ರೂಪಾಯಿ ಮೀರಿದ ವೆಚ್ಚ. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಕೈಹಾಕಿ ನಡೆಸಿದ ಈ ಯೋಜನೆ, ನಿಲ್ದಾಣದಿಂದ ನಿಲ್ದಾಣಕ್ಕೆ ಸೈಕಲ್ ಎರವಲು ಕೊಡುವ ಸಾರ್ವಜನಿಕ ವ್ಯವಸ್ಥೆಗಳಲ್ಲಿ ದೇಶದ ಮೊದಲನೆಯದು ಎಂದು ಹೆಸರಾಯಿತು. ಆಗ ಸದಸ್ಯರಾಗಲು 350 ರೂಪಾಯಿ; ಅದರಲ್ಲಿ 250 ಠೇವಣಿ, ವಾಪಸ್ಸು ಸಿಗುವಂಥದ್ದು. ಕಾರ್ಡು ತೋರಿಸಿದರೆ ಸೈಕಲ್ಲಿನ ಬೀಗ ಬಿಡುತ್ತಿತ್ತು. ಅರಮನೆಯ ಹತ್ತಿರ ಎತ್ತಿಕೊಂಡ ಸೈಕಲ್ಲನ್ನು ಕುಕ್ಕರಹಳ್ಳಿ ಕೆರೆಯ ಕಡೆ ಬಿಟ್ಟು ಹೋಗಬಹುದಿತ್ತು. ವಿದ್ಯಾರ್ಥಿಗಳು ಇದನ್ನು ಮನಸಾರೆ ಹಚ್ಚಿಕೊಂಡರು, ಪ್ರವಾಸಿಗರೂ ಹತ್ತಿದರು.

ಯೋಜನೆ ಕೆಟ್ಟದಾಗಿರಲಿಲ್ಲ. ಆದರೂ ಸೈಕಲ್ಲುಗಳು ಸವೆದವು, ಕೆಲವು ಮುರಿದವು, ಬಿಡಿಭಾಗ ಸಿಗದೆ ಕೆಲವು ಮೂಲೆ ಸೇರಿದವು. ಇದು ಎಲ್ಲ ಊರಲ್ಲೂ ಆಗುವುದೇ. ಸಾಲ ಮತ್ತು ಅನುದಾನ ಹೊಸದನ್ನು ಕಟ್ಟಲು ಸಿಗುತ್ತದೆ, ಕಟ್ಟಿದ್ದನ್ನು ವರ್ಷ ವರ್ಷ ನೋಡಿಕೊಳ್ಳಲು ಸಿಗುವುದಿಲ್ಲ. ಅದೇ ಸುಸ್ಥಿರ ನಗರ ಸಾರಿಗೆ ಯೋಜನೆಯ ಅಡಿ ನೆರವು ಪಡೆದ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ನೋಡಿ: 22 ಕಿಲೊಮೀಟರ್ ಮಾರ್ಗದಲ್ಲಿ ಪ್ರತ್ಯೇಕ ಪಥ, ಅದರಲ್ಲಿ ಓಡುವ ‘ಚಿಗರಿ’ ಬಸ್ಸು. ಇಂದು ಅಲ್ಲಿಯೂ ಮಾತು ನಿರ್ವಹಣೆಯದ್ದೇ.

ನನ್ನ ತಕರಾರು ಬೇರೆ. ‘ಮಿತ್ರ’ವೂ ‘ಟ್ರಿಣ್ ಟ್ರಿಣ್’ ಕೂಡ ನಗರದೊಳಗೇ ನಿಂತವು. ಅರಮನೆಯಿಂದ ಕೆರೆಗೆ ಹೋಗುವ ವಿದ್ಯಾರ್ಥಿ ಸೈಕಲ್ಲು ಇಲ್ಲದಿದ್ದರೆ ನಡೆದುಹೋಗುತ್ತಿದ್ದ ಅಥವಾ ಸಿಟಿ ಬಸ್ಸು ಹತ್ತುತ್ತಿದ್ದ. ಆತನಿಂದ ಉಳಿಯುವ ಪೆಟ್ರೋಲ್ ಅಷ್ಟಕ್ಕಷ್ಟೇ. ದಿನಾ 30 ಕಿಲೊಮೀಟರ್ ಬೈಕು ಓಡಿಸುವ ತಾಂಡವಪುರದ ಕಾರ್ಮಿಕ ಬೈಕು ಬಿಟ್ಟರೆ ಉಳಿಯುವುದು ನಿಜವಾದ ಪೆಟ್ರೋಲ್. ಯೋಜನೆಯ ಹೆಸರಿನಲ್ಲೇ ‘ನಗರ’ ಎಂದಿತ್ತು, ಹಾಗಾಗಿ ಅದರ ನಕ್ಷೆ ನಗರದ ಗಡಿಗೇ ಮುಗಿಯಿತು. ಬೆಂಗಳೂರಿಗೂ ಇದೇ ಮಾತು ಅನ್ವಯಿಸುತ್ತದೆ. 2017ರಲ್ಲಿ ಯುರೋಪಿನ ಹೂಡಿಕೆ ಬ್ಯಾಂಕ್ ನಮ್ಮ ಮೆಟ್ರೊಗೆ 50 ಕೋಟಿ ಯೂರೊ ಸಾಲ ಕೊಡಲು ಒಪ್ಪಿತು. ಅಲ್ಲಿನ ಉಪನಗರ ರೈಲಿಗೆ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲವಿದೆ. ಅವೆಲ್ಲ ಬೇಕಾದವೇ. ಆದರೆ ಹಳಿ ಈಗಾಗಲೇ ಇರುವ, ತಂತಿಯೂ ಇರುವ, ಪ್ರಯಾಣಿಕರೂ ಪಕ್ಕದ ರಸ್ತೆಯಲ್ಲೇ ಕಾದಿರುವ ಜಾಗಕ್ಕೆ ಬೇಕಾಗುವುದು ಅದರಲ್ಲಿ ಒಂದು ಚೂರು ಮಾತ್ರ.

ಇನ್ನೊಂದು ಜಾಗತಿಕ ಒಪ್ಪಂದ ನಂಜನಗೂಡು ಮತ್ತು ತಿ. ನರಸೀಪುರದ ಹೊಲಗಳಿಗೇ ಬಂದು ಸೇರಿದೆ. ಅದು ಎಥೆನಾಲ್. 2023ರ ಸೆಪ್ಟೆಂಬರ್ 9ರಂದು ದೆಹಲಿಯ ಜಿ20 ಸಭೆಯಲ್ಲಿ ಭಾರತ, ಬ್ರೆಜಿಲ್, ಅಮೆರಿಕ ಮತ್ತಿತರ ದೇಶಗಳು ಸೇರಿ ಜಾಗತಿಕ ಜೈವಿಕ ಇಂಧನ ಮೈತ್ರಿಕೂಟ ಕಟ್ಟಿದವು. ಬ್ರೆಜಿಲ್ 1975ರಿಂದಲೇ ಕಬ್ಬಿನ ಎಥೆನಾಲಿನಲ್ಲಿ ವಾಹನ ಓಡಿಸುತ್ತಿರುವ ದೇಶ. ನಮ್ಮಲ್ಲಿ 2013-14ರಲ್ಲಿ ಪೆಟ್ರೋಲಿಗೆ ಬೆರೆಯುತ್ತಿದ್ದ ಎಥೆನಾಲ್ ಶೇ ಒಂದೂವರೆ. 2025ರಲ್ಲಿ ಅದು ಶೇ 20 ಮುಟ್ಟಿತು. ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಇದೆ, ಅದರ ಜೊತೆಗೇ ಡಿಸ್ಟಿಲರಿಯೂ ಇದೆ. ಕಬಿನಿಯ ನಾಲೆಯ ಬಯಲಿನ ಕಬ್ಬು ಟ್ರ್ಯಾಕ್ಟರ್ ಟ್ರೇಲರುಗಳಲ್ಲಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿ ಒಂದು ಕಾಲಕ್ಕೆ ಸಾರಾಯಿಗೆ ಹೋಗುವ ಸರಕಾಗಿತ್ತು. ಈಗ ಅದು ದೇಶದ ಹವಾಮಾನ ಲೆಕ್ಕದೊಳಗೆ ಬಂದಿದೆ.

ರೈತನ ಕಡೆಯಿಂದ ನೋಡಿದರೆ ಇದರಲ್ಲಿ ಒಳ್ಳೆಯದಿದೆ. ಸಕ್ಕರೆಯ ದರ ಬಿದ್ದಾಗ ಕಾರ್ಖಾನೆಗೆ ಎಥೆನಾಲಿನ ಹಣ ಬರುತ್ತದೆ, ಕಬ್ಬಿನ ಬಾಕಿ ಬೇಗ ಕೈಸೇರುವ ಆಸೆ ಇರುತ್ತದೆ. ಎಥೆನಾಲ್ ಉರಿದಾಗ ಬರುವ ಇಂಗಾಲ ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ್ದೇ ಆಗಿರುವುದರಿಂದ ಪೆಟ್ರೋಲಿಗಿಂತ ವಾಸಿ ಎಂಬ ವಾದವೂ ಸರಿಯೇ. ಆದರೆ ನೀರಿನ ಲೆಕ್ಕ ಕಠಿಣವಾಗಿದೆ. 2021ರ ನೀತಿ ಆಯೋಗದ ವರದಿಯೇ ಹೇಳುವಂತೆ ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಪಡೆಯಲು ಸುಮಾರು 2,860 ಲೀಟರ್ ನೀರು ಬೇಕು. ಕಾವೇರಿ-ಕಪಿಲೆ ಕೂಡುವ ತಿ. ನರಸೀಪುರದವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಏನಾಯಿತು? ಆ ಡಿಸೆಂಬರ್ 7ರಂದು ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನೇ ತಡೆಯಿತು, ಕೆಲವೇ ದಿನಗಳಲ್ಲಿ ಅದನ್ನು ಸಡಿಲಿಸಿತು. ಬರ ಬಂದ ವರ್ಷ ಸಕ್ಕರೆಯೋ ಪೆಟ್ರೋಲೋ ಎಂಬ ಪ್ರಶ್ನೆ ಎದುರಾಗುವ ಇಂಧನದ ಮೇಲೆ ಪೂರ್ತಿ ಭಾರ ಹಾಕಲಾಗದು. ಎಥೆನಾಲಿನ ಶಕ್ತಿಯೂ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹಳೆಯ ಬೈಕುಗಳಲ್ಲಿ ಶೇ 20ರ ಮಿಶ್ರಣದಿಂದ ಮೈಲೇಜ್ ಶೇ 3-4ರಷ್ಟು ಇಳಿಯಬಹುದು ಎಂದು ಅದೇ ವರದಿ ಅಂದಾಜಿಸಿತ್ತು. ತಾಂಡವಪುರದ ನಮ್ಮ ಬೈಕಿನ ನೌಕರನಿಗೆ ಅದು ವರ್ಷಕ್ಕೆ ಆರೇಳು ಲೀಟರಿನ ಹೆಚ್ಚುವರಿ ಖರ್ಚು. ರೈಲು ಹತ್ತಿದವನಿಗೆ ಆ ಖರ್ಚೂ ಇಲ್ಲ, ಯಾರ ಹೊಲದ ನೀರೂ ಹೋಗುವುದಿಲ್ಲ.

ವಿದ್ಯುತ್ ರೈಲಿಗೂ ಎಲ್ಲೋ ಕಲ್ಲಿದ್ದಲು ಉರಿಯುತ್ತದೆ ಎನ್ನುವವರಿದ್ದಾರೆ. ನಿಜ. ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ಬೇಕಾಗುವ ಶಕ್ತಿ ಟಾರಿನ ಮೇಲೆ ರಬ್ಬರ್ ಗಾಲಿಗೆ ಬೇಕಾಗುವುದಕ್ಕಿಂತ ಬಹಳ ಕಡಿಮೆ. ಜೊತೆಗೆ ಆ ವಿದ್ಯುತ್ತಿನಲ್ಲಿ ಪಾವಗಡದ ಸೌರ ಪಾರ್ಕಿನಂಥ ಮೂಲಗಳ ಪಾಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ. 2030ರ ಹೊತ್ತಿಗೆ ನಿವ್ವಳ ಇಂಗಾಲ ಶೂನ್ಯ ಎಂದು ಭಾರತೀಯ ರೈಲ್ವೆ ತನಗೆ ತಾನೇ ಗುರಿ ಹಾಕಿಕೊಂಡಿದೆ. ಇಂಥ ಗುರಿ ಯಾವ ಬೈಕಿಗೂ ಲಾರಿಗೂ ಇಲ್ಲ.

ಸರಕಿನ ವಿಷಯಕ್ಕೆ ಬರೋಣ. ಕಡಕೊಳದಲ್ಲಿ ಕಂಟೇನರ್ ಕಾರ್ಪೊರೇಷನ್ ಸರಕು ಸಾಗಣೆ ಕೇಂದ್ರ ಕಟ್ಟಿದೆ. ಈ ಭಾಗದ ಕಾರ್ಖಾನೆಗಳ ರಫ್ತು ಸರಕನ್ನು ಅಲ್ಲೇ ಕಂಟೇನರಿಗೆ ತುಂಬಿ ರೈಲಿನಲ್ಲಿ ಬಂದರಿಗೆ ಕಳಿಸಬಹುದು. ಪ್ಯಾರಿಸ್‌ಗೆ ಬರೆದ ಶೇ 45ರ ಮಾತು ಈಡೇರಬೇಕಾದರೆ ಇಂಥ ಜಾಗಗಳು ತುಂಬಿ ತುಳುಕಬೇಕು. ಬಂದರು ಮುಟ್ಟಿದ ಮೇಲೆ ಕತೆ ಬೇರೆ. 1997ರ ಕ್ಯೋಟೊ ಒಪ್ಪಂದ ದೇಶದಿಂದ ದೇಶಕ್ಕೆ ಹೋಗುವ ಹಡಗು ಮತ್ತು ವಿಮಾನದ ಹೊಗೆಯನ್ನು ಯಾವ ದೇಶದ ಲೆಕ್ಕಕ್ಕೂ ಹಾಕದೆ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಒಪ್ಪಿಸಿತು. ಹಡಗುಗಳ ಇಂಗಾಲಕ್ಕೆ ಬೆಲೆ ಕಟ್ಟುವ ನಿಯಮ 2025ರ ಅಕ್ಟೋಬರ್‌ನಲ್ಲಿ ಅಂಗೀಕಾರವಾಗಬೇಕಿತ್ತು. ದೇಶಗಳ ಜಗಳದಲ್ಲಿ ಅದು ಒಂದು ವರ್ಷ ಮುಂದಕ್ಕೆ ಹೋಯಿತು. ಸಮುದ್ರದ ಮೇಲೆ ದೇಶಗಳು ಒಪ್ಪುವವರೆಗೆ ಕಡಕೊಳ ಕಾಯಬೇಕಿಲ್ಲ.

ದೊಡ್ಡ ಕಂಪನಿಗಳನ್ನು ಕೇಳಲು ನಮ್ಮ ಕೈಯಲ್ಲಿ ಇನ್ನೊಂದು ಆಧಾರವಿದೆ. ಜಗತ್ತಿನ ಬಹುಪಾಲು ಕಂಪನಿಗಳು ತಮ್ಮ ಇಂಗಾಲದ ಲೆಕ್ಕ ಬರೆಯುವುದು ಗ್ರೀನ್‌ಹೌಸ್ ಗ್ಯಾಸ್ ಪ್ರೊಟೊಕಾಲ್ ಎಂಬ ಒಂದೇ ಪದ್ಧತಿಯಲ್ಲಿ. 2011ರಲ್ಲಿ ಬಂದ ಅದರ ‘ಸ್ಕೋಪ್ 3’ ಮಾನದಂಡದಲ್ಲಿ 15 ಬಾಬತ್ತುಗಳಿವೆ. ಏಳನೆಯದು ನೌಕರರು ಮನೆಯಿಂದ ಕೆಲಸಕ್ಕೆ ಹೋಗಿಬರುವ ಪ್ರಯಾಣ. ಅಂದರೆ ಪಾಳಿ ಬಿಟ್ಟಾಗ ಹೆದ್ದಾರಿಗೆ ಇಳಿಯುವ ಪ್ರತಿ ಬೈಕಿನ ಹೊಗೆ ಯಾವುದೋ ಕಂಪನಿಯ ವಾರ್ಷಿಕ ವರದಿಯಲ್ಲಿ ಕಾಣಬೇಕಾದದ್ದು. 2050ಕ್ಕೆ ನಿವ್ವಳ ಶೂನ್ಯ ಎಂದು ಹೇಳಿಕೊಂಡ ಬಹುರಾಷ್ಟ್ರೀಯ ಸಂಸ್ಥೆಗಳು ಇದೇ ರಸ್ತೆಯಲ್ಲಿವೆ. ತಮ್ಮ ನೌಕರರಿಗೆ, ಗುತ್ತಿಗೆಯವರಿಗೂ ಸೇರಿ, ರೈಲಿನ ಪಾಸು ಮಾಡಿಸಿಕೊಡುವುದು, ನಿಲ್ದಾಣದಿಂದ ಗೇಟಿಗೆ ಒಂದು ಬಸ್ಸು ಓಡಿಸುವುದು, ಪಾಳಿಯ ಸಮಯವನ್ನು ಕಾಲು ಗಂಟೆ ಆಚೀಚೆ ಮಾಡಿ ರೈಲಿಗೆ ಹೊಂದಿಸುವುದು ಅವರಿಗೆ ಕಷ್ಟದ ಕೆಲಸವಲ್ಲ. ಒಂದು ಕಂಪನಿ ಮಾಡಿದರೆ ಪ್ರಯೋಜನ ಅಲ್ಪ, ಹತ್ತು ಕಂಪನಿ ಕೂಡಿ ಮಾಡಿದರೆ ರೈಲು ತುಂಬುತ್ತದೆ.

ಹಳಿ ಇನ್ನೂ ಮುಂದಕ್ಕೆ ಹೋಗಲಿ ಎಂಬ ಹಳೆಯ ಬೇಡಿಕೆಗಳೂ ಇವೆ. ಚಾಮರಾಜನಗರದಿಂದ ಮೆಟ್ಟುಪಾಳ್ಯಂ, ನಂಜನಗೂಡಿನಿಂದ ವಯನಾಡು ಮಾರ್ಗವಾಗಿ ನಿಲಂಬೂರು. ಎರಡೂ ಆನೆ-ಹುಲಿಗಳ ಕಾಡನ್ನು ಹಾಯಬೇಕು. ಇಂಗಾಲ ಉಳಿಸುವ ಹೆಸರಿನಲ್ಲಿ ಕಾಡು ಸೀಳುವುದನ್ನು ನಾನು ಒಪ್ಪಲಾರೆ. ಇರುವ 60 ಚಿಲ್ಲರೆ ಕಿಲೊಮೀಟರ್ ಹಳಿಯನ್ನೇ ಸರಿಯಾಗಿ ದುಡಿಸಿಕೊಳ್ಳದ ನಾವು ಹೊಸದಕ್ಕೆ ಮರ ಕಡಿಯಲು ಹೊರಡುವುದರಲ್ಲಿ ಅರ್ಥವಿಲ್ಲ.

ತಿ. ನರಸೀಪುರಕ್ಕೆ ರೈಲೇ ಇಲ್ಲ. ಅಲ್ಲಿಂದ ಮೈಸೂರಿಗೆ, ನಂಜನಗೂಡಿಗೆ ದುಡಿಯಲು ಬರುವವರಿಗೆ ಬಸ್ಸೊಂದೇ ಗತಿ. ಶಕ್ತಿ ಯೋಜನೆಯಿಂದ ಬಸ್ಸುಗಳು ತುಂಬಿವೆ ಎಂದು ದೂರುವ ಬದಲು, ಅಷ್ಟು ಜನ ಬಸ್ಸು ಹತ್ತಲು ಸಿದ್ಧರಿದ್ದಾರೆ ಎಂಬುದನ್ನು ಸರ್ಕಾರ ಗಮನಿಸಬೇಕು. ವಿದ್ಯುತ್ ಬಸ್ಸುಗಳಿಗಾಗಿ ಹೊರದೇಶದ ಹವಾಮಾನ ನೆರವು ಕೇಳುವಾಗ ತಿ. ನರಸೀಪುರ-ನಂಜನಗೂಡು ಮಾರ್ಗವನ್ನೂ ಪಟ್ಟಿಗೆ ಸೇರಿಸಬೇಕು. ಹವಾಮಾನ ಹಣ ಮಹಾನಗರಕ್ಕೆ ಮಾತ್ರ ಎಂದು ಯಾವ ಒಪ್ಪಂದದಲ್ಲೂ ಬರೆದಿಲ್ಲ.

2023ರ ಕೊನೆಗೆ ದುಬೈ ಸಮ್ಮೇಳನದಲ್ಲಿ ಎಲ್ಲ ದೇಶಗಳೂ ಒಪ್ಪಿ ಹೊರಡಿಸಿದ ನಿರ್ಣಯದಲ್ಲಿ ರಸ್ತೆ ಸಾರಿಗೆಯ ಹೊಗೆಯನ್ನು ಬೇಗ ತಗ್ಗಿಸಬೇಕು ಎಂಬ ಮಾತಿದೆ. ಆ ಮಾತು ಈ ಊರಿಗೆ ಇಳಿದು ಬರಬೇಕಾದರೆ ಕೇಳುವವರು ಬೇಕು. ಮೈಸೂರು ಮತ್ತು ಚಾಮರಾಜನಗರದ ಸಂಸದರು, ನೈರುತ್ಯ ರೈಲ್ವೆಯ ಮೈಸೂರು ವಿಭಾಗ, ಕೈಗಾರಿಕಾ ಸಂಘಗಳು, ಕಾರ್ಮಿಕ ಸಂಘಗಳು ಒಂದೇ ಮೇಜಿಗೆ ಕೂತು ಮೂರು ತೀರ್ಮಾನ ಮಾಡಲಿ: ಅಶೋಕಪುರಂ-ನಂಜನಗೂಡು ನಡುವೆ ಮೂರೂ ಪಾಳಿಗೆ ಹೊಂದುವ ಮೆಮು ರೈಲು, ಕಡಕೊಳ ಮತ್ತು ತಾಂಡವಪುರ ನಿಲ್ದಾಣಗಳಲ್ಲಿ ಬಾಡಿಗೆ ಸೈಕಲ್ ಹಾಗೂ ಕಾರ್ಖಾನೆ ಬಸ್ಸು, ಹೆಣ್ಣುಮಕ್ಕಳು ಕತ್ತಲಾದ ಮೇಲೂ ಭಯವಿಲ್ಲದೆ ಇಳಿಯುವಷ್ಟು ದೀಪ ಮತ್ತು ಕಾವಲು. ತಾಂಡವಪುರ, ಕಡಕೊಳ, ನಂಜನಗೂಡಿನ ಓದುಗರಲ್ಲಿ ಯಾರು ದಿನಾ ಈ ರಸ್ತೆಯಲ್ಲಿ ಕೆಲಸಕ್ಕೆ ಹೋಗುತ್ತೀರೋ, ದಯವಿಟ್ಟು ನಿಮ್ಮ ಪಾಳಿಯ ಸಮಯ ಬರೆದು, ಜೊತೆಯವರ ಸಹಿ ಹಾಕಿಸಿ, ಮೈಸೂರಿನ ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ ಒಂದು ಮನವಿ ಕೊಡಿ. ಮುಂದಿನ ವೇಳಾಪಟ್ಟಿ ಸಿದ್ಧವಾಗುವ ಮುಂಚೆ ಅದು ಅವರ ಮೇಜಿನ ಮೇಲಿರಬೇಕು.